ಡ್ರಮ್ಮಿನಲ್ಲಿ ಸ್ಟಾರ್ಟ್ ಆಗುವ ಮಿಷನ್

ಬಿಜೂರಿನ ಭೋಜರಾಜನ ವರ್ಕ್‌ಶಾಪು ಉಪ್ಪುಂದದಲ್ಲಿ ಹೆದ್ದಾರಿಯ ಬದಿಗಿತ್ತು. ಮೊದಲು ಗದ್ದೆಗೆ ನೀರೆತ್ತುವ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡಿಕೊಂಡಿದ್ದವನು, ನಾಡದೋಣಿಗಳಿಗೆ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಮಿಷನ್ ಬಂದ ಮೇಲೆ ಅದನ್ನೂ ಕಲಿತ. ಕಲಿಸಿದವರು ಯಾರೂ ಇಲ್ಲ. ಕೆಟ್ಟು ಬಿದ್ದಿದ್ದ ಒಂದು ಮಿಷನ್ನನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತದ್ದು. ಈಗ ಕೊಡೇರಿಯಿಂದ ಮರವಂತೆಯವರೆಗಿನ ಮೀನುಗಾರರು ಅವನ ಅಂಗಡಿಯ ಮುಂದೆಯೇ ಮಿಷನ್ ಇಳಿಸುತ್ತಿದ್ದರು. ಅಲ್ಲೊಂದು ದೊಡ್ಡ ಕಬ್ಬಿಣದ ಡ್ರಮ್ಮು, ಅದರ ತುಂಬ ನೀರು. ರಿಪೇರಿಯಾದ ಮಿಷನ್ನನ್ನು ಡ್ರಮ್ಮಿನ ಅಂಚಿಗೆ ಬಿಗಿದು, ಹಗ್ಗ ಎಳೆದು, ಸ್ವಲ್ಪ ಹೊತ್ತು ಓಡಿಸಿ ತೋರಿಸಿದರೆ ಅವನ ಕೆಲಸ ಮುಗಿಯಿತು. ಅವನು ಒಂದು ದಿನವೂ ದೋಣಿ ಹತ್ತಿದವನಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅವನಿಗೆ ನೀರೆಂದರೆ ಹೆದರಿಕೆ.

ಎರಡು ಸಾವಿರದ ಮೂರನೆಯ ಇಸವಿ, ದೀಪಾವಳಿ ಕಳೆದಿತ್ತು. ಕೊಡೇರಿಯ ಚಂದ್ರ ತನ್ನ ಹಳೆಯ ಮಿಷನ್ನನ್ನು ಗೂಡ್ಸ್ ರಿಕ್ಷಾದಲ್ಲಿ ಹಾಕಿಕೊಂಡು ಬಂದ.

"ಪೆಟ್ರೋಲಂಗೆ ಒಂದೇ ಎಳ್ತಕ್ಕೆ ಸ್ಟಾರ್ಟ್ ಆತ್ತ್ ಭೋಜಣ್ಣ. ಚಿಮಿಣಿ ಎಣ್ಣಿಗೆ ಹಾಕಿ ಒಂಚೂರ್ ದೂರ ಹೋದ್ರೆ ನಿಂತ್ ಹೋತ್ತ್. ಒಂದ್ ಬೀಡಿ ಸೇದಿ ಕೂಕಂಡ್ರೆ ಮತ್ತೆ ಸ್ಟಾರ್ಟ್ ಆತ್ತ್" ಎಂದ.

ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಗೆ ಬದಲಿಸಿದ ಮೇಲೆ ನಿಲ್ಲುತ್ತದೆ ಎಂದರೆ ಎಣ್ಣೆಯಲ್ಲಿ ನೀರಿರಬೇಕು. ಭೋಜರಾಜ ಹೆಚ್ಚು ಯೋಚಿಸಲಿಲ್ಲ. ಕಾರ್ಬೊರೇಟರ್ ತೊಳೆದ, ಪೈಪು ಊದಿದ, ಡ್ರಮ್ಮಿಗೆ ಬಿಗಿದು ಹಗ್ಗ ಎಳೆದ. ಮಿಷನ್ ಚೆನ್ನಾಗಿ ಓಡಿತು. ಚಂದ್ರ ಹೊತ್ತುಕೊಂಡು ಹೋದ.

ವಾರ ತುಂಬುವುದರೊಳಗೆ ವಾಪಸು ಬಂತು. ಈ ಸಲ ಪ್ಲಗ್ ಎರಡನ್ನೂ ಬದಲಿಸಿದ. ಡ್ರಮ್ಮಿನಲ್ಲಿ ಓಡಿತು. ಚಂದ್ರ ಹೋದ. ಮತ್ತೆ ಬಂದ. ಮೂರನೆಯ ಸಲ ಬಂದಾಗ ಅವನು ಮಿಷನ್ ಇಳಿಸಿ, ಕೈ ಕಟ್ಟಿಕೊಂಡು ನಿಂತ. ಭೋಜರಾಜನೇ ಡ್ರಮ್ಮಿಗೆ ಬಿಗಿದು ಎಳೆದ. ಮೊದಲ ಎಳೆತಕ್ಕೇ ಹತ್ತಿಕೊಂಡಿತು.

"ಕಾಣ್, ಓಡತ್ತಲೆ?" ಎಂದ, ಸ್ವಲ್ಪ ಬಿಸಿಯಾಗಿಯೇ.

"ಇಲ್ಲಿ ಓಡತ್ತ್. ನಾನ್ ಮೀನ್ ಹಿಡುದ್ ಇಲ್ಲಿ ಅಲ್ಲಲ್ಲ ಭೋಜಣ್ಣ" ಎಂದು ಚಂದ್ರ ಮಿಷನ್ ಕಳಚಿಕೊಂಡು ಹೊರಟುಹೋದ.

ಆ ಮಾತು ಭೋಜರಾಜನ ತಲೆಯಲ್ಲಿ ಕೂತಿತು. ಆದರೆ ಬೇರೆ ಕೆಲಸವೂ ರಾಶಿ ಬಿದ್ದಿತ್ತು.

ಚಂದ್ರನ ಹೆಂಡತಿ ಜಲಜ ಬುಟ್ಟಿ ಹೊತ್ತು ಬಿಜೂರಿನ ಮನೆ ಮನೆಗೆ ಮೀನು ಮಾರುವವಳು. ಭೋಜರಾಜನ ಮನೆಗೂ ಅವಳದೇ ಮೀನು. ಎರಡು ದಿನ ಕಳೆದು ಬೆಳಿಗ್ಗೆ ಬಂದವಳು ಜಗಲಿಯಲ್ಲಿ ಬುಟ್ಟಿ ಇಳಿಸಿದಳು. ಭೋಜರಾಜನ ಹೆಂಡತಿಯ ಹೆಸರು ಬಾಗಿ. ಅವಳು ಪಾತ್ರೆ ಹಿಡಿದು ಹೊರಗೆ ಬಂದಳು. ಒಳಗೆ ಅವನು ಚಾ ಕುಡಿಯುತ್ತಿದ್ದದ್ದು ಜಲಜಳಿಗೆ ಕಂಡಿತು.

"ಹ್ವಾಯ್ ಭೋಜಣ್ಣ, ನಿಮ್ಮ ಡ್ರಮ್ಮ್ ಒಂದ್ ಕೊಡ್ತ್ರ್ಯಾ? ದೋಣಿಯಂಗೆ ಇಟ್ಕಂಡ್ ಹೋಪ್ದ್. ಅದ್ರಂಗಾರೆ ಮಿಷನ್ ಓಡತ್ತಂಬ್ರ್."

ಬಾಗಿ ನಕ್ಕಳು. ಭೋಜರಾಜ ನಗಲಿಲ್ಲ. ಜಲಜಳೂ ನಗಲಿಲ್ಲ.

"ನಗಾಡುಕೆ ಹೇಳದ್ದಲ್ಲ. ಈ ಮಿಷನ್ ನಂಬುಕ್ ಆತಿಲ್ಲ ಅಂದೇಳಿ ನಮ್ಮ ದೋಣಿಗ್ ಬಪ್ಪ ಬಚ್ಚ ಬೇರೆ ದೋಣಿಗ್ ಹೋದ. ಈಗ ಇವ್ರ್ ಸೋಮಣ್ಣ ಒಬ್ರನ್ನೇ ಕರ್ಕಂಡ್ ಹೋತ್ರ್. ಅವ್ರಿಗೂ ವಯಸ್ಸಾಯ್ತ್. ನಿನ್ನಿ ಬಪ್ಪತಿಗೆ ತೆರಿ ಮಧ್ಯವೇ ಮಿಷನ್ ನಿಂತ್ ದೋಣಿ ಅಡ್ಡ ಆಯ್ತಂಬ್ರ್. ಹ್ಯಾಂಗೋ ಹುಟ್ಟು ಹಾಕಿ ಬಂದ್ರ್. ನೀವೊಂದ್ ಸಲ ದೋಣಿಗ್ ಬಂದ್ ಕಾಂಬ್ದಲ್ದಾ?"

ತೆರೆಯ ನಡುವೆ ದೋಣಿ ಅಡ್ಡವಾದರೆ ಏನಾಗುತ್ತದೆಂದು ಆ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಭೋಜರಾಜನ ಚಾ ತಣ್ಣಗಾಯಿತು.

"ನಾಳೆ ಬತ್ತೆ ಅಂದೇಳಿ ಹೇಳ್" ಎಂದುಬಿಟ್ಟ. ಬಾಗಿ ಅವನ ಮುಖವನ್ನೇ ನೋಡಿದಳು.

ಮರುದಿನ ಬೆಳಿಗ್ಗೆ ಹೋಗಿಬರುತ್ತೇನೆಂದು ಬಾಗಿಗೆ ಹೇಳದೆಯೇ ಮನೆ ಬಿಟ್ಟ. ಕೊಡೇರಿಯ ಮರಳಿನ ಮೇಲೆ ದೋಣಿ ತಯಾರಿತ್ತು. ಸೋಮ ಗಂಜಿಯ ಕ್ಯಾರಿಯರು, ಕುಡಿಯುವ ನೀರಿನ ಕ್ಯಾನು, ಹುಟ್ಟು ಎಲ್ಲ ಒಳಗಿಟ್ಟಿದ್ದ. ಬಲೆ ತಂದಿರಲಿಲ್ಲ, ಅವತ್ತು ಮೀನಿಗೆ ಹೋಗುವುದಲ್ಲವಲ್ಲ. ಭೋಜರಾಜ ಪ್ಯಾಂಟು ಮಡಚಿ, ಕಣ್ಣು ದೋಣಿಯ ಮೇಲೆಯೇ ನೆಟ್ಟು, ಮೊಣಕಾಲುದ್ದದ ನೀರಿನಲ್ಲಿ ನಡೆದು ಹತ್ತಿದ.

ಮೊದಲ ತೆರೆಗೆ ದೋಣಿಯ ಮೂತಿ ಎದ್ದಾಗ ಎರಡೂ ಕೈಯಲ್ಲಿ ಅಡ್ಡಹಲಗೆ ಹಿಡಿದುಕೊಂಡವನು ತೆರೆ ದಾಟಿದ ಮೇಲೂ ಬಿಡಲಿಲ್ಲ. ಹಿಂದೆ ಮಿಷನ್ನಿನ ಹಿಡಿ ಹಿಡಿದು ಕೂತಿದ್ದ ಚಂದ್ರ ಅದನ್ನು ಕಂಡ.

"ಭೋಜಣ್ಣ, ಈಜುಕ್ ಬತ್ತಾ ನಿಮ್ಗೆ?"

"ಇಲ್ಲ."

"ಒಂಚೂರೂ?"

"ಕೆರಿ ಬದಿಗೂ ಹೋತಿಲ್ಲ ಮಾರಾಯ ನಾನ್."

ಅಷ್ಟು ದಿನದ ಸಿಟ್ಟಿತ್ತಲ್ಲ, ಚಂದ್ರ ನಗಬಹುದಿತ್ತು. ನಗಲಿಲ್ಲ. ಸೋಮನಿಗೆ ಕಣ್ಸನ್ನೆ ಮಾಡಿದ. ಸೋಮ ಎಣ್ಣೆಯ ಖಾಲಿ ಕ್ಯಾನೊಂದನ್ನು ಮುಚ್ಚಳ ಬಿಗಿ ಮಾಡಿ, ಹಗ್ಗ ಹಾಕಿ, ಭೋಜರಾಜನ ಸೊಂಟಕ್ಕೆ ಕಟ್ಟಿದ. "ಇನ್ ಬಿದ್ರೂ ಮುಳುಗುಕಿಲ್ಲ" ಎಂದ. ಅದಾಗಿ ಸ್ವಲ್ಪ ಹೊತ್ತಿಗೆ ಭೋಜರಾಜ ಬೆಳಗಿನ ಚಾ ತಿಂಡಿಯನ್ನೆಲ್ಲ ಸಮುದ್ರಕ್ಕೆ ಕೊಟ್ಟ.

ಚಂದ್ರ ಪೆಟ್ರೋಲಿನಿಂದ ಎಣ್ಣೆಗೆ ಹಾಕಿದ. ದಡದ ತೆಂಗಿನ ಸಾಲು ಸಣ್ಣದಾಗುತ್ತ ಹೋಯಿತು. ಆಗ ಮಿಷನ್ ನಿಂತಿತು.

ಭೋಜರಾಜ ತಟ್ಟನೆ ತಲೆ ಎತ್ತಿದ. ವಾಂತಿ ಮಾಡಿ ಸುಸ್ತಾಗಿದ್ದರೂ ಕಿವಿ ಸರಿಯಿತ್ತು. ಎಣ್ಣೆ ಸಿಗದೆ ನಿಲ್ಲುವ ಮಿಷನ್ ಕೆಮ್ಮುತ್ತದೆ, ಎಳೆದಾಡುತ್ತದೆ, ಆಮೇಲೆ ನಿಲ್ಲುತ್ತದೆ. ಇದು ಯಾರೋ ಸ್ವಿಚ್ ಒತ್ತಿದಂತೆ ನಿಂತಿತ್ತು.

"ಚಂದ್ರ, ಪ್ರತಿ ಸಲ ಹೀಂಗೇ ನಿಂತದ್ದಾ? ಒಂದ್ಸಲಕ್ಕೇ?"

"ಹೌದ್. ನಿಂತ್ ಹೋತ್ತ್ ಅಂದೇಳಿ ಮೊದ್ಲ್ ದಿನವೇ ಹೇಳಿದ್ನಲೆ?"

ಹೇಳಿದ್ದ, ನಿಜ. ಹೇಗೆ ನಿಲ್ಲುತ್ತದೆಂದು ತಾನು ಕೇಳಿರಲಿಲ್ಲ. "ಎಣ್ಣಿದಲ್ಲ ಇದ್, ಕರೆಂಟಿಂದ್" ಎಂದು ಭೋಜರಾಜ ಹಲಗೆ ಬಿಟ್ಟು ಹಿಂದಕ್ಕೆ ತೆವಳಿದ. ನೀರಿನ ಕಡೆ ಬಾಗದೆ ಮಿಷನ್ ಮುಟ್ಟುವ ಹಾಗಿರಲಿಲ್ಲ. ಸೋಮ ಅವನ ಸೊಂಟದ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪ್ಲಗ್ ಬಿಚ್ಚಿ, ಅದಕ್ಕೆ ವಯರಿನ ಟೊಪ್ಪಿ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಮಿಷನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದ. ಬಿಸಿಲಿಗೆ ಕಿಡಿ ಕಾಣುವುದಿಲ್ಲವೆಂದು ಹೆಗಲ ಮೇಲಿದ್ದ ಬೈರಾಸು ಟವೆಲನ್ನು ತಲೆಯ ಮೇಲಿಂದ ಹೊದ್ದುಕೊಂಡು, "ಎಳಿ" ಎಂದ. ಚಂದ್ರ ಹಗ್ಗ ಎಳೆದ. ಕಿಡಿ ಇಲ್ಲ. ಕಿಸೆಯಲ್ಲಿದ್ದ ಹೊಸ ಪ್ಲಗ್ ಹಾಕಿ ನೋಡಿದ. ಇಲ್ಲ. ಮಿಷನ್ ನಿಲ್ಲಿಸುವ ಸ್ವಿಚ್ಚಿನ ವಯರು ಎಲ್ಲಾದರೂ ಮಿಷನ್ನಿನ ಮೈಗೆ ತಾಗಿರಬಹುದೆಂದು ಅದನ್ನೇ ಕಳಚಿದ. ಆಗಲೂ ಇಲ್ಲ. ಉಳಿದದ್ದು ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್. ಬೆರಳಿಟ್ಟವನು ಚುರ್ರೆಂದು ತೆಗೆದ. ಅಷ್ಟು ಬಿಸಿ. ಬಗ್ಗಿ ನೋಡಿದರೆ ಅದರ ಕಪ್ಪು ಮೈಯಲ್ಲಿ ಕೂದಲೆಳೆಯಂಥ ಒಂದು ಬಿರುಕು.

"ಬಿಸಿ ಆದ್ರೆ ಒಳಗೆ ಎಲ್ಲೋ ತಂತಿ ಬಿಡ್ತ್, ತಣದ್ರೆ ಕೂಡ್ತ್. ನಾನ್ ಡ್ರಮ್ಮಂಗೆ ಇದ್ನ ಬಿಸಿ ಆಪೂಕೇ ಬಿಡ್ಲಿಲ್ಲ ಮಾರಾಯ. ಸ್ಟಾರ್ಟ್ ಆಯ್ತ್ ಅಂದೇಳಿ ನಿಲ್ಸಿದೆ. ಇದ್ನ ತಣ್ಸಿ ಕಾಂಬ."

ಚಂದ್ರ ಬೊಗಸೆಯಲ್ಲಿ ಸಮುದ್ರದ ನೀರು ಎತ್ತಿದ.

"ಹ್ವಾಯ್, ಬ್ಯಾಡ! ಉಪ್ಪು ನೀರ್ ಹಾಕ್ರೆ ಇದ್ದ ಕರೆಂಟೂ ಸೋರಿ ಹೋತ್ತ್. ಕುಡು ನೀರ್ ಕೊಡ್."

ಕುಡಿಯುವ ನೀರಿನಲ್ಲಿ ಬೈರಾಸಿನ ತುದಿ ಅದ್ದಿ, ಹಿಂಡಿ, ಕಾಯಿಲ್ಲಿಗೆ ಸುತ್ತಿದ. ಕಾದರು. ಸೋಮ ಒಂದು ಬೀಡಿ ಸೇದಿ ಮುಗಿಸಿದ. ಮತ್ತೆ ಹಗ್ಗ ಎಳೆದಾಗ, ಬೈರಾಸಿನ ಕತ್ತಲೆಯಲ್ಲಿ, ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಟಕ್ಕೆಂದಿತು.

"ಬಂತ್! ಬಂತ್ ಕಾಣ್!" ಎಂದು ಭೋಜರಾಜ ಕೂಗಿದ. ಆಮೇಲೆ ಪಕ್ಕಕ್ಕೆ ಬಾಗಿ ಇನ್ನೊಮ್ಮೆ ವಾಂತಿ ಮಾಡಿದ.

ಕಾರಣ ಸಿಕ್ಕಿತು ನಿಜ, ಆದರೆ ಮನೆ ಮುಟ್ಟಬೇಕಲ್ಲ. ಚಂದ್ರ ನಿಧಾನವಾಗಿ ದೋಣಿ ತಿರುಗಿಸಿದ. ನಡುದಾರಿಯಲ್ಲಿ ಮಿಷನ್ ಮತ್ತೆ ನಿಂತಿತು. ಮತ್ತೆ ನೀರು, ಮತ್ತೆ ಕಾಯುವುದು. ತೆರೆ ಒಡೆಯುವ ಜಾಗದ ಹೊರಗೆ ಬಂದಾಗ ಚಂದ್ರನೇ ಮಿಷನ್ ಆರಿಸಿದ. "ತೆರಿ ಮಧ್ಯ ನಿಂತ್ರೆ ಆಪ್ದಲ್ಲ. ಇಲ್ಲೇ ತಣ್ಸಿ ಒಂದೇ ಓಟಕ್ಕೆ ಹೋಪ" ಎಂದ. ಕ್ಯಾನು ಎತ್ತಿದರೆ ನೀರು ಖಾಲಿ.

ಸೋಮ ಗಂಜಿಯ ಕ್ಯಾರಿಯರು ಮುಂದೆ ಹಿಡಿದ. ಮೇಲೆ ತಿಳಿ ತಣ್ಣಗೆ ನಿಂತಿತ್ತು.

"ಉಪ್ಪು ಹಾಕಿತಾ?" ಭೋಜರಾಜ ಕೇಳಿದ.

"ಇಲ್ಲ, ಉಪ್ಪಿನಕಾಯಿ ಬೇರೆ ಕಟ್ಟಿತ್."

"ಹಾಂಗಾರೆ ಹೊಯ್ನಿ."

ಗಂಜಿತಿಳಿಯಲ್ಲಿ ಅದ್ದಿದ ಬೈರಾಸು ಸುತ್ತಿಕೊಂಡ ಮಿಷನ್ ಮೊದಲ ಎಳೆತಕ್ಕೇ ಎದ್ದಿತು. ಚಂದ್ರ ಎರಡು ದೊಡ್ಡ ತೆರೆ ಹೋಗಲು ಬಿಟ್ಟು, ಮೂರನೆಯದರ ಬೆನ್ನ ಮೇಲೆ ದೋಣಿ ಏರಿಸಿದ. ಭೋಜರಾಜ ಕಣ್ಣು ಮುಚ್ಚಲಿಲ್ಲ. ಕಣ್ಣು ಕಾಯಿಲ್ಲಿನ ಮೇಲೆಯೇ ಇತ್ತು, ಕೈ ಬೈರಾಸಿನ ಮೇಲೆ. ದೋಣಿಯ ಅಡಿ ಮರಳಿಗೆ ಉಜ್ಜಿದ ಮೇಲಷ್ಟೇ ಅವನು ಉಸಿರು ಬಿಟ್ಟದ್ದು.

ದಡದಲ್ಲಿ ಜಲಜ ಕಾಯುತ್ತಿದ್ದಳು. ಸೊಂಟಕ್ಕೆ ಕ್ಯಾನು ಕಟ್ಟಿಕೊಂಡೇ, ಅಂಗಿಯೆಲ್ಲ ಗಂಜಿ ಮಾಡಿಕೊಂಡು ಇಳಿದ ಭೋಜರಾಜನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ನಾಲ್ಕು ಹೆಜ್ಜೆ ನಡೆದು ಮರಳಿನ ಮೇಲೆ ಕೂತುಬಿಟ್ಟ. ಚಂದ್ರ ಬಂದು ಪಕ್ಕದಲ್ಲಿ ಕೂತು ಹಗ್ಗದ ಗಂಟು ಬಿಚ್ಚಿದ.

"ನಿಮ್ಗೆ ಹೆದ್ರಿಕೆ ಅಂದೇಳಿ ಗೊತ್ತಿದ್ರೆ ಕರ್ಕಂಡ್ ಹೋತಿರ್ಲಿಲ್ಲ ಭೋಜಣ್ಣ" ಎಂದ.

"ಗೊತ್ತಿಲ್ದಿದ್ದೇ ಒಳ್ಳೇದಾಯ್ತ್" ಎಂದ ಭೋಜರಾಜ.

ಹೊಸ ಕಾಯಿಲ್ ಮಂಗಳೂರಿನಿಂದ ಬರಬೇಕಾಯಿತು. ಬಂದ ದಿನ ಅದನ್ನು ಹಾಕಿ, ಮಿಷನ್ನನ್ನು ಡ್ರಮ್ಮಿಗೆ ಬಿಗಿದು, ನೀರು ಬಿಸಿಯಾಗಿ ಬದಲಿಸಬೇಕಾಗುವಷ್ಟು ಹೊತ್ತು ಓಡಿಸಿದ. ಪಕ್ಕದ ಅಂಗಡಿಯವರು ಬಂದು ಬೈದರು. ಮಿಷನ್ ನಿಲ್ಲಲಿಲ್ಲ. ಬಚ್ಚ ಚಂದ್ರನ ದೋಣಿಗೆ ತಿರುಗಿ ಬಂದ. ಚಂದ್ರ ಅವನನ್ನು ಏನೂ ಕೇಳಲಿಲ್ಲವಂತೆ.

ಜಲಜ ಬುಟ್ಟಿ ತುಂಬ ಬಂಗುಡೆ ತಂದ ದಿನ, ಸಮುದ್ರದ ಕಥೆಯನ್ನೆಲ್ಲ ಬಾಗಿಗೆ ಹೇಳಿ ಹೋದಳು. ಮಧ್ಯಾಹ್ನ ಊಟಕ್ಕೆ ಕೂತ ಭೋಜರಾಜನಿಗೆ ಬಾಗಿ ಅನ್ನ ಬಡಿಸಿದಳು, ಸಾರು ಹಾಕಿದಳು, ಅವನನ್ನೇ ನೋಡುತ್ತ ಎದುರಿಗೆ ಕೂತಳು.

"ಎಂತ, ನಗಾಡುಕಿತ್ತಾ?" ಅವನೇ ಕೇಳಿದ.

"ನಗಾಡುಕೆಂತ ಇತ್ತ್" ಎಂದು ಅವಳು ಇನ್ನೊಂದು ಬಂಗುಡೆ ಅವನ ಬಟ್ಟಲಿಗೆ ಹಾಕಿದಳು. "ಇನ್ನೊಂದ್ಸಲ ಹೋಪ್ದಾರೆ ಹೇಳಿ ಹೋಯ್ನಿ."