ಹಿಂದಿನ ಪುಟದಿಂದ ಬರೆದ ಪ್ರಾರ್ಥನೆಗಳು

‘ಶುಕ್ರವಾರದ ಪ್ರಾರ್ಥನೆಯನ್ನು ಇನ್ನೂ ಬರೆದಿಲ್ಲ’ ಎಂದು ಆ ಬುಧವಾರ ದಿನಚರಿಯಲ್ಲಿ ಬರೆದು ಕೆಳಗೊಂದು ಗೆರೆ ಎಳೆದೆ. ಈ ಚಿಂತೆಯನ್ನು ಇನ್ಯಾರ ಬಳಿಯೂ ಹೇಳುವಂತಿರಲಿಲ್ಲ. ನಾನು ಪ್ರಾರ್ಥನೆಗಳನ್ನು ಬರೆಯುತ್ತೇನೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ದಪ್ಪ ರಟ್ಟಿನ ನೋಟುಬುಕ್ಕು ಅದು, ನನ್ನ ಐದನೆಯದು. ಮುಂದಿನಿಂದ ದಿನಚರಿ. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಪ್ರಾರ್ಥನೆಗಳು. ಎರಡೂ ಕಡೆಯಿಂದ ತುಂಬುತ್ತಾ ಬಂದು ಆ ವಾರ ನಡುವೆ ಹನ್ನೊಂದು ಹಾಳೆ ಉಳಿದಿದ್ದವು.

ವಡಾಲದ ಪೋರ್ಟ್ ಟ್ರಸ್ಟ್ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಅಪ್ಪ ಸದಾನಂದರು ಬಂದರಿನ ಡಾಕಿನಲ್ಲಿ ಗುಮಾಸ್ತರು, ನಮ್ಮ ಕನ್ನಡ ಸಭೆಯ ಹಿರಿಯರಲ್ಲಿ ಒಬ್ಬರು. ಮಂಗಳೂರು, ಉಡುಪಿ ಕಡೆಯಿಂದ ಬಂದ ಬಾಸೆಲ್ ಮಿಷನ್ನಿನ ಹತ್ತಿಪ್ಪತ್ತು ಮನೆಗಳವರು ಶುಕ್ರವಾರ ಸಂಜೆ ಒಂದೊಂದು ಮನೆಯಲ್ಲಿ ಸೇರುವುದು ವಾಡಿಕೆ. ಸಂಗೀತ, ಬೈಬಲ್ ವಾಕ್ಯ, ಆಮೇಲೆ ಬಲಗಡೆಯಿಂದ ಸುರುಮಾಡಿ ಒಬ್ಬೊಬ್ಬರೂ ಬಾಯಿಬಿಟ್ಟು ಪ್ರಾರ್ಥಿಸಬೇಕು. ಪುಸ್ತಕ ನೋಡಿ ಓದುವುದು ನಮ್ಮವರ ಕಣ್ಣಿನಲ್ಲಿ ಪ್ರಾರ್ಥನೆಯೇ ಅಲ್ಲ. ಅದು ಹೃದಯದಿಂದ ಆ ಕ್ಷಣಕ್ಕೇ ಬರಬೇಕು.

ಹದಿನೈದನೆಯ ವಯಸ್ಸಿನಲ್ಲಿ ಮೊದಲ ಸಲ ಸರದಿ ನನ್ನ ಬಳಿ ಬಂದು ನಿಂತಿತು. ನಾಲಗೆ ಏಳಲಿಲ್ಲ. ಗೋಡೆ ಗಡಿಯಾರದ ಸದ್ದು ಎಲ್ಲರಿಗೂ ಕೇಳಿತು. ಅಪ್ಪ ಕೆಮ್ಮಿದರು. ಪಕ್ಕದವರು ನನ್ನನ್ನು ದಾಟಿಕೊಂಡು ಮುಂದುವರಿಸಿದರು. ಮನೆಗೆ ಬಂದ ಮೇಲೆ ಅಪ್ಪ ಬೈಯಲಿಲ್ಲ. ಊಟಕ್ಕೆ ಕೂತಾಗ, ಹಿರಿಯನ ಮನೆಯಲ್ಲಿ ಮೂಗಿ ಹುಟ್ಟಿದ್ದಾಳೆಂದು ಜನ ಅಂದುಕೊಳ್ಳುವುದಿಲ್ಲವೇ ಎಂದು ತಟ್ಟೆ ನೋಡುತ್ತಾ ಕೇಳಿದರು, ಅಷ್ಟೆ. ಮುಂದಿನ ವಾರಕ್ಕೆ ನಾನು ಹನ್ನೆರಡು ಸಾಲು ಬರೆದು ಬಾಯಿಪಾಠ ಮಾಡಿದೆ. ಒಂದೇ ಒಂದು ವಾರಕ್ಕೆ ಎಂದುಕೊಂಡಿದ್ದೆ.

ಏಳು ವರ್ಷ ಆಯಿತು. ಕಾಲೇಜಿನಲ್ಲಿ ಭಾಷೆ ಬೆಳೆಯಿತು, ಅದರೊಂದಿಗೆ ನನ್ನ ಪ್ರಾರ್ಥನೆಗಳೂ ಬೆಳೆದವು. ಎಲ್ಲಿ ತಡೆದು ಉಸಿರೆಳೆಯಬೇಕು, ಎಲ್ಲಿ ಸ್ವರ ಸ್ವಲ್ಪ ನಡುಗಬೇಕು ಎಂಬುದಕ್ಕೂ ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಸದಾನಂದರ ಮಗಳು ಯೆಮೀಮಳ ಪ್ರಾರ್ಥನೆ ಕೇಳಿದರೆ ಕಣ್ಣು ತೇವವಾಗುತ್ತದೆ ಎಂದು ಜನ ಹೇಳತೊಡಗಿದರು. ಕಾಯಿಲೆಯವರು ಹೆಸರು ಹೇಳಿ ಕರೆಸಿಕೊಂಡರು. ಮೇ ತಿಂಗಳ ರೈಲು ಮುಷ್ಕರದಲ್ಲಿ ಲೋಕಲ್ ಸರಿಯಾಗಿ ಓಡದೆ ಮೂರು ಶುಕ್ರವಾರ ಕೂಟ ನಿಂತಿತ್ತು. ಊರಿಗೆ ಊರೇ ಪರದಾಡುತ್ತಿದ್ದಾಗ ನಾನೊಬ್ಬಳು ಹಗುರವಾಗಿದ್ದೆ.

ಕಟ್ಟು ಬಿಗಿಯಾದದ್ದು ಸೇವಂತಿ ಮಾಮಿಯಿಂದ. ವಿಲೆ ಪಾರ್ಲೆಯಲ್ಲಿರುವ ವಿಧವೆ. ಜನವರಿಯಲ್ಲಿ ಅವರಿಗೆ ಹೊಟ್ಟೆಯ ಆಪರೇಷನ್ ಆಗುವ ಮುಂಚೆ ನನ್ನನ್ನು ಕರೆದಿದ್ದರು. ಸಮಯವಿರಲಿಲ್ಲ. ಬಾಂದ್ರಾದ ಒಬ್ಬ ಮುದುಕರಿಗಾಗಿ ಹಿಂದಿನ ವರ್ಷ ಬರೆದದ್ದನ್ನೇ ಲೋಕಲ್‌ನಲ್ಲಿ ಮನಸ್ಸಿಗೆ ತಂದುಕೊಂಡು, ‘ಸಹೋದರ’ ಇದ್ದಲ್ಲಿ ‘ಸಹೋದರಿ’ ಹಾಕಿ ಒಪ್ಪಿಸಿದೆ. ಮಾಮಿ ನನ್ನ ಕೈ ಹಿಡಿದು ಅತ್ತರು. ಗುಣವೂ ಆದರು. ಜೂನಿನಲ್ಲಿ ಮಗ ಶೇಖರನಿಗೆ ನನ್ನನ್ನು ಕೇಳಿಕೊಂಡು ಬಂದರು.

“ನನ್ನ ಹೊಟ್ಟೆ ಕೊಯ್ದದ್ದು ಡಾಕ್ಟರು ಇರಬಹುದು ಶೀಲಾವತಿ, ಹೊಲಿದದ್ದು ಮಾತ್ರ ನಿನ್ನ ಮಗಳ ಬಾಯಿ,” ಎಂದು ಅಮ್ಮನಿಗೆ ಹೇಳಿದರು. “ಈ ಬಾಯಿ ನಮ್ಮ ಮನೆಯಲ್ಲಿ ಬೇಕು ನನಗೆ. ಬೇರೆಂತದೂ ಬೇಡ.”

ಶೇಖರ ಬ್ಯಾಂಕಿನ ಕೆಲಸ ಬಿಟ್ಟು ದೇವಶಾಸ್ತ್ರ ಓದಲು ಹೋಗುವವರು, ಮುಂದೆ ಸಭಾಪಾಲಕರಾಗುವವರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮನೆಯೆದುರಿನ ಗ್ಯಾಲರಿಯಲ್ಲಿ ಐದು ನಿಮಿಷ ಮಾತಾಡಲು ಬಿಟ್ಟಾಗ ಅವರು ಕೆಳಗಿನ ನೀರಿನ ಟ್ಯಾಂಕಿಯನ್ನು ನೋಡುತ್ತಾ, ತಮಗೂ ಕೆಲವೊಮ್ಮೆ ಎಲ್ಲದರ ಬಗ್ಗೆಯೂ ಸಂಶಯವಾಗುತ್ತದೆ ಎಂದರು. ಆಮೇಲೆ ಮೆಲ್ಲಗೆ, “ನೀವು ಪ್ರಾರ್ಥಿಸುವಾಗ ಮಾತ್ರ ಸಂಶಯ ಬರುವುದಿಲ್ಲ ನನಗೆ,” ಎಂದರು. ನಾನು ಕಂಬಿ ಹಿಡಿದುಕೊಂಡೆ. ತಲೆ ತಗ್ಗಿಸಿದೆ. ಅದನ್ನೂ ಅವರು ಭಕ್ತಿಯೆಂದೇ ತಿಳಿದಿರಬೇಕು.

ಆ ಶುಕ್ರವಾರದ ಕೂಟ ನಮ್ಮ ಮನೆಯಲ್ಲಿ. ಕೊನೆಯ ಪ್ರಾರ್ಥನೆ ನನ್ನದು. ಅದು ಮುಗಿದೊಡನೆ ಮದುವೆ ನಿಶ್ಚಯದ ದಿನ ಗೊತ್ತುಮಾಡುವುದೆಂದು ಅಪ್ಪ, ಮಾಮಿ ಮಾತಾಡಿಕೊಂಡಿದ್ದರು. ಆಮೇಲೆ ದಿನಕ್ಕೆರಡು ಹೊತ್ತು, ಸಾಯುವವರೆಗೆ, ಆ ಮನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ನನಗಾಗಿ ಕಾಯುತ್ತಾರೆ. ಅಷ್ಟು ಬರೆಯಲು ನೋಟುಬುಕ್ಕು ಎಲ್ಲಿಂದ ತರಲಿ? ಎಲ್ಲಿ ಬಚ್ಚಿಡಲಿ?

ಬುಧವಾರ ಸಂಜೆಯೇ ಅಮ್ಮನಿಗೆ ಹೇಳಲು ನೋಡಿದೆ. ಅವಳು ಅಕ್ಕಿ ನೆನೆಹಾಕುತ್ತಿದ್ದಳು. ನನಗೆ ಈ ಸಲ ಪ್ರಾರ್ಥನೆ ಬೇಡಮ್ಮ, ಭಯ ಎಂದೆ. ಭಯ ಯಾರಿಗಿಲ್ಲ, ಮದುವೆಯಾಗುವ ಹುಡುಗಿಗೆ ಇರಬೇಕಾದದ್ದೇ ಎಂದು ನಕ್ಕು, ಒಣಗಿದ ಸೀರೆ ಮಡಚಲು ಕೊಟ್ಟಳು.

ಗುರುವಾರ ಗುರುಬಾಯಿ ಬಂದಳು. ಗುಲಬರ್ಗಾ ಕಡೆಯ ಮೆಥಡಿಸ್ಟ್ ಹೆಂಗಸು. ಹಿಂದೆ ಬಿಲ್ಡಿಂಗ್ ಕೆಲಸದಲ್ಲಿ ಕಲ್ಲು ಹೊತ್ತವಳು, ಈಗ ನಮ್ಮ ಕ್ವಾರ್ಟರ್ಸಿನ ಮೂರು ಮನೆಗಳ ಪಾತ್ರೆ ತಿಕ್ಕುತ್ತಾಳೆ. ಅವಳ ಸಭೆ ಬೇರೆಯಾದರೂ ಶುಕ್ರವಾರ ನಮ್ಮ ಕೂಟದಲ್ಲಿ ಬಾಗಿಲ ಬಳಿ ಕೂರುತ್ತಾಳೆ. ಅವಳ ಪ್ರಾರ್ಥನೆಗೆ ನಮ್ಮವರು ತುಟಿ ಕಚ್ಚಿ ನಗು ತಡೆಯುತ್ತಾರೆ. ನಳದ ನೀರು, ಸೊಸೆಯ ಸಿಟ್ಟು, ರೇಷನ್ ಅಂಗಡಿಯವನ ತೂಕ, ಎಲ್ಲವನ್ನೂ ಅವಳು ಯೇಸುವಿನೊಂದಿಗೆ ಜಗಳಕ್ಕೆ ನಿಂತವಳಂತೆ ಹೇಳುತ್ತಾಳೆ.

ಬೂದಿ ಹಚ್ಚಿದ ಕೈಯನ್ನು ಪಾತ್ರೆಯೊಳಗೆ ಆಡಿಸುತ್ತಾ ಅವಳು ಸುಮ್ಮನೆ ಹೇಳಿಬಿಟ್ಟಳು: “ನೀ ಪ್ರಾರ್ಥನಾ ಮಾಡೂದಿಲ್ಲ, ಓದ್ತಿ.”

ನಾನು ಕೈಲಿದ್ದ ತಂಬಿಗೆಯನ್ನು ಕೆಳಗಿಟ್ಟೆ.

“ಕಣ್ಣು ಮುಚ್ಚಿರ್ತಿ ಖರೆ. ರೆಪ್ಪಿ ಒಳಗ ಗುಡ್ಡಿ ಎಡಕಿಂದ ಬಲಕ ಓಡ್ತಾವ, ತಿರುಗಿ ಎಡಕ ಬರ್ತಾವ. ನಮ್ಮ ಪಾದ್ರಿ ಪುಸ್ತಕ ಓದೂಮುಂದ ಹಂಗೇ ಓಡ್ತಾವ.”

ಪ್ರಾರ್ಥನೆಯ ಹೊತ್ತಿನಲ್ಲಿ ನೀವು ಕಣ್ಣು ಬಿಟ್ಟಿರುತ್ತೀರಾ ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತೋಚಲಿಲ್ಲ.

“ಮುಚ್ಚಿದ್ರ ನಿದ್ದಿ ಬರ್ತದವ್ವ. ನಸುಕಿಗೆ ಎದ್ದಿರ್ತೀನಿ.”

“ಗುರುಬಾಯಕ್ಕ, ಯಾರತ್ರ ಆದರೂ ಹೇಳಿದಿರಾ?”

“ಯಾರಿಗಿ ಹೇಳ್ಲಿ? ಓದಾಕ ಬರಾವ್ರು ಓದ್ತಾರ. ನನಗ ಬರೂದಿಲ್ಲ, ಬಾಯಿಗಿ ಬಂದದ್ದು ಅಂತೀನಿ.” ಪಾತ್ರೆ ಬೋರಲು ಹಾಕಿ ಅವಳು ನನ್ನ ಕಡೆ ತಿರುಗಿದಳು. “ಒಂದ್ ಕೇಳ್ತೀನಿ. ಓದಿ ಮುಗಿಸಿ ಆಮೆನ್ ಅಂದಕೂಡ್ಲೆ ಹೊಂಟ್ ಬಿಡ್ತೀಯಲ್ಲ, ಆ ಯೇಸು ನಿನಗ ಏನರ ಅಂತಾನೇನು ಅಂತ ನಿಂತು ಕೇಳೀಯೇನು?”

ಮಧ್ಯಾಹ್ನ ಕಿಟಕಿಯ ಕೆಳಗೆ ಕೂತು ನೋಟುಬುಕ್ಕನ್ನು ಹಿಂದಿನಿಂದ ತೆರೆದೆ. ‘ಓ ಪರಲೋಕದ ತಂದೆಯೇ, ಈ ಸುಸಂಧ್ಯೆಯಲ್ಲಿ’ ಎಂದು ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ. ಪೆನ್ನು ಮುಂದೆ ಹೋಗಲಿಲ್ಲ. ಬೇಸರಕ್ಕೆ ಪುಸ್ತಕವನ್ನು ತಿರುಗಿಸಿ ಮುಂದಿನಿಂದ, ದಿನಚರಿಯನ್ನು ಓದುತ್ತಾ ಹೋದೆ. ‘ಇವತ್ತು ಏನಾಯಿತು ನೋಡು.’ ‘ನಿನಗೆ ಗೊತ್ತೇ ಇದೆ, ನಾನು ಮತ್ತೆ ಸುಳ್ಳು ಹೇಳಿದೆ.’ ‘ಅಪ್ಪನ ಮುಖ ನೋಡಲಾಗಲಿಲ್ಲ, ನೀನಾದರೂ ಸಿಟ್ಟಾಗಬೇಡ.’ ಪುಟದಿಂದ ಪುಟಕ್ಕೆ ಹಾಗೆಯೇ. ಯಾರಿಗೆ ಹೇಳುತ್ತಿದ್ದೆ? ನನಗೆ ಅಂಥ ಗೆಳತಿಯರಿಲ್ಲ. ದಿನಚರಿಗೆ ನಾನೇನೂ ಹೆಸರಿಟ್ಟಿರಲಿಲ್ಲ.

ಮೊದಲು ನನಗಾದದ್ದು ಹೆದರಿಕೆ. ಖಾಲಿ ಎಂದುಕೊಂಡಿದ್ದ ಕೋಣೆಯಲ್ಲಿ ಆರಂಭದಿಂದಲೂ ಒಬ್ಬರು ಕೂತಿದ್ದಾರೆಂದು ತಿಳಿದರೆ ಆಗುವಂಥ ಹೆದರಿಕೆ. ನಾನು ಹಿಂದಿನ ಪುಟಗಳಲ್ಲಿ ಅಲಂಕರಿಸಿ ಕರೆಯುತ್ತಿದ್ದವನು ಅಲ್ಲಿ ಇರಲೇ ಇಲ್ಲ. ಮುಂದಿನ, ದಿನಚರಿಯ ಪುಟಗಳಲ್ಲಿ ಇದ್ದ. ಒಮ್ಮೆಯೂ ಎದ್ದು ಹೋಗಿರಲಿಲ್ಲ. ಪೆನ್ನಿನ ಟೋಪಿ ಹಾಕಿದೆ. ಹನ್ನೊಂದು ಹಾಳೆಯನ್ನು ಹಾಗೆಯೇ ಬಿಟ್ಟೆ. ಆದರೂ ಶುಕ್ರವಾರಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಧೈರ್ಯ ಬೇರೆ ವಸ್ತು, ಅದು ನನಗೆ ಬಂದಿರಲಿಲ್ಲ.

ಶುಕ್ರವಾರ ಒಂದೇ ಕೋಣೆಯಲ್ಲಿ ಇಪ್ಪತ್ತಮೂರು ಜನ. ಮಳೆಯೆಂದು ಕಿಟಕಿ ಹಾಕಿತ್ತು. ಬಾಗಿಲಿಗೆ ಅಡ್ಡವಾಗಿ ಚಪ್ಪಲಿ, ಕೊಡೆ, ಗುರುಬಾಯಿ. ನಾನು ಗೋಡೆಗೂ ಸೇವಂತಿ ಮಾಮಿಗೂ ನಡುವೆ. ಎದುರಿಗೆ ಶೇಖರ. ಸರದಿ ಬಲಗಡೆಯಿಂದ ಹೊರಟು ಒಬ್ಬೊಬ್ಬರನ್ನೇ ಮುಗಿಸುತ್ತಾ ಬಂತು. ಗುರುಬಾಯಿ ಸೊಸೆಯ ಸಿಟ್ಟು ಇಳಿದದ್ದಕ್ಕೆ ವಂದನೆ ಹೇಳಿ, ನಳದ ವಿಷಯ ಮತ್ತೆ ನೆನಪಿಸಿದಳು. ಯಾರೋ ಮೂಗಿನಲ್ಲಿ ನಕ್ಕರು. ಮಾಮಿ ತಮ್ಮ ಮಗನ ಮನೆಗೆ ದೇವರು ಕಳಿಸುತ್ತಿರುವ ಪ್ರಾರ್ಥನೆಯ ದೀಪಕ್ಕಾಗಿ ಸ್ತೋತ್ರ ಮಾಡಿದರು.

ಆಮೇಲೆ ನಾನು.

ಬರೆದಿರದಿದ್ದರೇನು, ಹಳೆಯವು ಇದ್ದವು. ಹಿಂದಿನ ವರ್ಷದ ಸುಗ್ಗಿ ಹಬ್ಬದ ಪ್ರಾರ್ಥನೆ, ಎಲ್ಲರೂ ಅತ್ತದ್ದು, ಕರೆಯದೆಯೇ ನಾಲಗೆಯ ತುದಿಗೆ ಬಂದು ಸಾಲುಗಟ್ಟಿತು. ಎರಡು ಪದ ಬದಲಿಸಿದರೆ ಸಾಕಿತ್ತು. ಮುಚ್ಚಿದ ರೆಪ್ಪೆಯೊಳಗೆ ನನ್ನ ಗುಡ್ಡೆಗಳು ಎಡಕ್ಕೆ ಹೋಗಿ ನಿಂತವು, ಮೊದಲ ಪದದ ಮೇಲೆ.

ಕಣ್ಣು ತೆರೆದೆ.

ಎಲ್ಲರ ತಲೆಗಳೂ ಬಾಗಿದ್ದವು. ಶೇಖರನ ಬೆರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಉಗುರುಗಳು ಬೆಳ್ಳಗಾಗಿದ್ದವು. ನನ್ನ ಮಾತಿಗೆ ಆತುಕೊಳ್ಳಲು ಕಾಯುತ್ತಿದ್ದ ಮನುಷ್ಯ. ಗಡಿಯಾರದ ಸದ್ದು ಕೇಳತೊಡಗಿತು. ಅಪ್ಪ ಕೆಮ್ಮಿದರು, ಏಳು ವರ್ಷದ ಹಿಂದಿನ ಅದೇ ಕೆಮ್ಮು. ಬಾಗಿಲಲ್ಲಿ ಗುರುಬಾಯಿ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ತಲೆಯಾಡಿಸಲಿಲ್ಲ, ಧೈರ್ಯ ಹೇಳಲಿಲ್ಲ. ಮಾಮಿಯ ಮೊಣಕೈ ನನ್ನನ್ನು ಮೆಲ್ಲಗೆ ತಿವಿಯಿತು.

ಆ ಮೌನ ಅಂದಿನ ಹಾಗೆ ಖಾಲಿಯಾಗಿರಲಿಲ್ಲ. ಮಧ್ಯಾಹ್ನಗಳಲ್ಲಿ ಕಿಟಕಿಯ ಕೆಳಗೆ ನಾನು ದಿನಚರಿ ಬರೆಯುವಾಗ ಇರುತ್ತಿದ್ದ ಅದೇ ಸುಮ್ಮನಿರುವಿಕೆ, ಇಪ್ಪತ್ತಮೂರು ಜನರ ನಡುವೆ ನನ್ನ ಮಗ್ಗುಲಿಗೆ ಬಂದು ಕೂತಿತ್ತು. ನನ್ನನ್ನು ಅವಸರಪಡಿಸುತ್ತಿರಲಿಲ್ಲ. ಆಮೆನ್ ಆದ ಮೇಲೂ ಅದು ಇರುತ್ತದೆ, ಮದುವೆ ನಿಂತುಹೋದರೂ ಇರುತ್ತದೆ ಎಂದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಕೇಳಿದರೆ ಹೇಳಲಾರೆ.

ಬಾಯಿ ತೆರೆದಾಗ ಬಂದದ್ದು ಸಭೆಯ ಕನ್ನಡವಲ್ಲ, ನಮ್ಮ ಅಡಿಗೆಮನೆಯದು. ಸ್ವರ ಒಡೆದಿತ್ತು.

“ದೇವರೇ, ಇಷ್ಟರವರೆಗೆ ಇವರ ಎದುರು ನಾನು ನಿನ್ನತ್ರ ಹೇಳಿದ್ದೆಲ್ಲ ಬರೆದು ಬಾಯಿಪಾಠ ಮಾಡಿದ್ದು. ಇದು ಬರೆದದ್ದಲ್ಲ.”