ಮಂಡಿ ಬಾಗಿಲ ಕುರ್ಚಿ

ಇದು ಅಂಗವಿಕಲರ ವರ್ಷ ಎಂದು ಲೋಕವೇ ಸಾರಿದ ಮೇಲೆ ತಿಪಟೂರಿನ ಕೊಬ್ಬರಿ ಮಂಡಿಯ ಶಂಭುಲಿಂಗಯ್ಯನವರು ಸುಮ್ಮನಿರಲಾದೀತೇ? ಅದು ಎಂಬತ್ತೊಂದನೇ ಇಸವಿ. ಸಂಘವೊಂದರ ಅಧ್ಯಕ್ಷಗಿರಿ ಬೇರೆ ಹೊಸದಾಗಿ ಹೆಗಲೇರಿತ್ತು. ಕೆಲಸ ಕೊಡಲು ಅಂಗವಿಕಲರೊಬ್ಬರನ್ನು ಊರೆಲ್ಲ ಹುಡುಕಿಸಿ ಸುಸ್ತಾದ ಮೇಲೆ, ತಮ್ಮದೇ ಮಂಡಿಯ ಹಿತ್ತಲಲ್ಲಿ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಚಿಕ್ಕಗೌರಮ್ಮನಿಗೆ ಅಂಥ ಮಗಳಿದ್ದಾಳೆಂಬುದು ಅವರ ನೆನಪಿಗೆ ಬಂತು. ಮಗಳಿಗೊಂದು ಕೆಲಸ ಕೊಡಿ ಎಂದು ಚಿಕ್ಕಗೌರಮ್ಮ ವರ್ಷಗಟ್ಟಲೆ ಕೇಳಿದ್ದಳು. ಪಾಪ, ಅವು ಬೇರೆ ಯಾರದೋ ವರ್ಷಗಳು.

ಮಗಳು ಹೊನ್ನಮ್ಮನಿಗೆ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಕೈ ಮಾತ್ರ ಗಟ್ಟಿ. ಮನೆಯಲ್ಲಿ ಕೂತೇ ಕೇರಿಯವರ ರಾಗಿಚೀಲ ಹೊಲಿದುಕೊಡುತ್ತಿದ್ದಳು. ತನ್ನ ಸೊಂಟ ಬಿದ್ದುಹೋದ ಮೇಲೆ ಇವಳ ಗತಿಯೇನು ಎಂಬುದೊಂದೇ ತಾಯಿಯ ಚಿಂತೆ. ಕೊಬ್ಬರಿ ತುಂಬಿದ ಚೀಲಗಳ ಬಾಯಿ ಹೊಲಿಯುವ ಕೆಲಸ ಎಂದಾದಾಗ ಅವಳಿಗೆ ಹೋದ ಜೀವ ಬಂದಂತಾಯಿತು.

ಓಲಗ ಊದಿಸಿದರು, ಹಾರ ಹಾಕಿದರು, ಫೋಟೋ ತೆಗೆಸಿದರು. ಭಾಷಣ ಮುಗಿದ ಮೇಲೆ ಹೊನ್ನಮ್ಮನನ್ನು ಮಂಡಿಯ ಬಾಗಿಲಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂರಿಸಿದರು.

ಕೂರಿಸಿದ್ದೇ ಕೆಲಸ. ದಬ್ಬಳ ಕೊಡಲಿಲ್ಲ.

"ಸಾವ್ಕಾರ್ರೇ, ಅವ್ಳಿಗೂ ಒಂದು ದಬ್ಬಳ ಕೊಡ್ಸಿ," ಎಂದಳು ಚಿಕ್ಕಗೌರಮ್ಮ.

"ಪಾಪ, ಕೈಗೆ ಚುಚ್ಕೊಂಡ್ರೆ? ಆರಾಮಾಗಿ ಕೂತಿರ್ಲಿ ಬುಡಮ್ಮ."

ದೂರದೂರಿಂದ ಕೊಬ್ಬರಿ ಕೊಳ್ಳಲು ಬಂದವರಿಗೆಲ್ಲ ಶಂಭುಲಿಂಗಯ್ಯನವರು ಮೊದಲು ಹೊನ್ನಮ್ಮನನ್ನು ತೋರಿಸಿ, ಆಮೇಲೆ ಕೊಬ್ಬರಿ ತೋರಿಸುತ್ತಿದ್ದರು. ಕೆಂಕೆರೆಯ ರೈತನೊಬ್ಬ, "ಯಾರಲಾ ಈವಮ್ಮ, ಸಾವ್ಕಾರ್ರ ನೆಂಟ್ರಾ?" ಎಂದು ಕೇಳಿದಾಗ ಹಮಾಲಿ ಹುಚ್ಚರಂಗಯ್ಯ, "ದೃಷ್ಟಿಗೊಂಬೆ ಕಣ್ಲಾ, ಸಂಬ್ಳ ಕೊಟ್ಟು ಇಟ್ಟವ್ರೆ," ಎಂದ.

ಸಂಜೆ ತಾಯಿಯ ಬೆನ್ನೇರಿ ಮನೆಗೆ ಹೋಗುವಾಗ ಹೊನ್ನಮ್ಮ ಹೇಳಿದಳು: "ಅವ್ವಾ, ಹಿಂಗೇ ಕೂತಿದ್ರೆ ನನ್ ಕೈಗೂ ಪೋಲಿಯೋ ಬತ್ತದೆ ಕಣೇ."

ಸಂಕ್ರಾಂತಿಯ ಹೊತ್ತಿಗೆ ಸಾಹುಕಾರರು ಚಿಕ್ಕಗೌರಮ್ಮನನ್ನು ಕರೆಸಿದರು.

"ವರ್ಷ ಮುಗೀತಲ್ಲ ಗೌರಮ್ಮ. ಇನ್ನು ಮಗಳನ್ನ ಮನೆಗೆ ಕರ್ಕೊಂಡೋಗು."

ಮಾತು ಮೀರಿದರೆ ತನ್ನ ಹಿತ್ತಲ ಕೆಲಸಕ್ಕೂ ಸಂಚಕಾರ. ಆದರೂ ಚಿಕ್ಕಗೌರಮ್ಮ ಮೆತ್ತಗೆ ಕೇಳಿದಳು:

"ಆಗ್ಲಿ ಸಾವ್ಕಾರ್ರೇ. ಓಲಗದೋರು ಎಷ್ಟೊತ್ತಿಗೆ ಬತ್ತಾರೆ?"

"ಯಾವ ಓಲಗ?"

"ಓಲಗ ಊದ್ಸಿ ಒಳಕ್ಕೆ ಕರ್ಕೊಂಡೋಳ್ನ ಕಳ್ಳಿ ಥರ ಕಳ್ಸಾಕಾಯ್ತದಾ? ಹಾರ ಹಾಕಿ, ಫೋಟೋ ತೆಗ್ಸಿ. ಕೆಲಸದಿಂದ ಯಾಕೆ ತೆಗುದ್ವಿ ಅಂತ ಒಂದು ಭಾಷ್ಣಾನೂ ಮಾಡಿ. ಊರೋರೂ ಕೇಳ್ಲಿ."

ಚೀಲ ಹೊತ್ತಿದ್ದ ಹಮಾಲಿಗಳು ನಿಂತಲ್ಲೇ ನಿಂತರು. ಹುಚ್ಚರಂಗಯ್ಯ ಬಲು ವಿನಯದಿಂದ, "ಓಲಗದೋರ್ನ ನಾನೇ ಕೂಗ್ಕೊಂಡು ಬರ್ಲಾ ಸಾವ್ಕಾರ್ರೇ?" ಎಂದ.

ಶಂಭುಲಿಂಗಯ್ಯನವರು ಗೋಡೆಗೆ ತೂಗುಹಾಕಿದ್ದ, ಹೊನ್ನಮ್ಮನಿಗೆ ಹಾರ ಹಾಕುತ್ತಿರುವ ತಮ್ಮ ಫೋಟೋ ನೋಡಿದರು. ಅದರಲ್ಲಿ ಅವರ ನಗು ಬಹಳ ಚೆನ್ನಾಗಿ ಬಿದ್ದಿತ್ತು.

"ಏ, ಬ್ಯಾಡ ಬ್ಯಾಡ. ಇರ್ಲಿ ಬುಡು, ಹಂಗೇ ಇರ್ಲಿ."

"ಹಂಗೇ ಇರಾಕಿಲ್ಲ," ಎಂದಳು ಹೊನ್ನಮ್ಮ ಕುರ್ಚಿಯಿಂದಲೇ. "ದಬ್ಬಳ ಕೊಡಿ." ಉತ್ತರಕ್ಕೆ ಕಾಯದೆ ಕೆಳಗಿಳಿದಳು. ಕೈಯೂರಿಕೊಂಡು ಚೀಲಗಳ ಹತ್ತಿರ ಸರಿದಳು. ಹುಚ್ಚರಂಗಯ್ಯ ತನ್ನ ದಬ್ಬಳವನ್ನೇ ಕೊಟ್ಟ.

ಶಿವರಾತ್ರಿ ಕಳೆದ ಒಂದು ದಿನ ಚಿಕ್ಕಗೌರಮ್ಮ ಹಿತ್ತಲಲ್ಲಿ ಚಿಪ್ಪು ಒಡೆಯುತ್ತಿದ್ದಾಗ ಒಳಗಿನಿಂದ ಸಾಹುಕಾರರ ಕೂಗು ಕೇಳಿತು.

"ಲೇ ಹೊನ್ನಿ! ಏನೇ ಇದು ಹೊಲಿಗೆ? ಲಾರಿ ಹತ್ತೋಕ್ ಮುಂಚೇನೇ ಬಾಯಿ ಬಿಟ್ಟೈತೆ! ಕಣ್ಣು ಎಲ್ಲಿಟ್ಟಿದ್ಯೇ?"

"ಹುರಿ ಲಡ್ಡಾಗೈತೆ ಸಾವ್ಕಾರ್ರೇ! ಒಳ್ಳೇದು ತರ್ಸಿ, ಆಮೇಲೆ ಬಯ್ರಿ!"

"ಬಾಯಿ ಬ್ಯಾರೆ ಕೇಡು! ಬಿಚ್ಚಿ ಹೊಲಿ!"

ಪಕ್ಕದಲ್ಲಿದ್ದ ಹೆಂಗಸು, "ಅಯ್ಯೋ, ಅಂಥೋಳ್ನ ಹಂಗ್ ಬೈತಾರಲ್ಲೇ ಗೌರಕ್ಕ," ಎಂದು ಲೊಚಗುಟ್ಟಿದಳು.

"ಸುಮ್ಕಿರೇ," ಎಂದಳು ಚಿಕ್ಕಗೌರಮ್ಮ. "ಇನ್ನೊಂದಿಷ್ಟು ಬಯ್ಲಿ."