ಹುಚ್ಚವ್ವನ ತಡ

ಗುರುನಾಥನನ್ನು ಏನು ಕೇಳಿದರೂ ಉತ್ತರ ಕೂಡಲೇ ಬರುವುದಿಲ್ಲ. ಪ್ರಶ್ನೆಯ ಕೊನೆಯ ಪದವನ್ನು ತನಗೆ ತಾನೇ ಮೆಲ್ಲಗೆ ಅಂದುಕೊಂಡು, ಅದು ಕಿವಿಯೊಳಗೆ ತಳ ಸೇರಿತೆಂದು ಖಾತ್ರಿಯಾದ ಮೇಲೆಯೇ ಬಾಯಿ ತೆರೆಯುವ ಆಸಾಮಿ ಅವನು. 'ಊಟಾ ಆತೇನೋ?' ಎಂದರೆ 'ಆತೇನೋ...' ಎಂದು ಗುನುಗಿ, ಕೇಳಿದವರು ನಾಲ್ಕು ಹೆಜ್ಜೆ ದಾಟಿದ ಮೇಲೆ 'ಆತ್ರಿ' ಎನ್ನುತ್ತಾನೆ.

ಇಂಡಿ ಪಟ್ಟಣದ ನಿಂಬೆಹಣ್ಣಿನ ಪೇಟೆಯಲ್ಲಿ ಹಣ್ಣು ಆರಿಸುವುದು ಅವನ ಕಸುಬು. ಕಣ್ಣು ಎತ್ತಲೋ ಇರುತ್ತದೆ, ಬೆರಳುಗಳು ಮಾತ್ರ ದಪ್ಪದ್ದನ್ನೂ ಸಣ್ಣದ್ದನ್ನೂ ತಪ್ಪದೆ ಬೇರೆ ಮಾಡುತ್ತಿರುತ್ತವೆ. ಅವೇ ಬೆರಳುಗಳು ಸಂಜೆಗೆ, ಸೊಲ್ಲಾಪುರದಿಂದ ಸೆಕೆಂಡ್‌ಹ್ಯಾಂಡ್ ತಂದು ಅಪ್ಪನ ಕರಿಕಂಬಳಿಯಲ್ಲಿ ಸುತ್ತಿಟ್ಟ ಸಿಂಥಸೈಜರ್ ಎಂಬ ಕರೆಂಟಿನ ವಾದ್ಯದ ಮೇಲೆ ಇಳಿಯುತ್ತವೆ. ಅದರ ಎರಡು ನಾಬುಗಳಿಗೆ ಅವನು ಚೀಟಿ ಅಂಟಿಸಿದ್ದಾನೆ: ರಿವರ್ಬಿಗೆ 'ಗುಮ್ಮಟ', ಡಿಲೇಗೆ 'ಬಾವಿ'. ಗುಮ್ಮಟ ದನಿಯನ್ನು ಹರಡಿ ಕರಗಿಸುತ್ತದೆ, ಬಾವಿ ಕೂಗಿದ್ದನ್ನು ತುಸು ತಡೆದು ಹಾಗೆಯೇ ಮರಳಿಸುತ್ತದೆ. ಇಷ್ಟು ಚೊಕ್ಕ ಪಾಠವನ್ನು ನಾವು ಯಾವ ಕೈಪಿಡಿಯಲ್ಲೂ ಕಾಣೆವು.

ಮೋರಟಗಿಯ ಹಾಡುಗಾರ್ತಿ ರೇವವ್ವ ಹಾಡುವುದನ್ನೇ ಬಿಟ್ಟಿದ್ದಳು. ನಲವತ್ತು ವರ್ಷ ಅವಳ ಪ್ರತಿ ನುಡಿಯ ಕೊನೆಯನ್ನು ಎತ್ತಿಕೊಂಡು ಮರುಹಾಡಿದವಳು ಅವಳ ಓರಗಿತ್ತಿ ಹುಚ್ಚವ್ವ. ಗಂಟಲಿನ ಆಪರೇಶನ್ ಆದ ಮೇಲೆ ಹುಚ್ಚವ್ವನಿಗೆ ಉಳಿದದ್ದು ಬರೀ ಪಿಸುಮಾತು. 'ಹಿಂದ ಅಕಿ ಇಲ್ಲಂದ್ರ ನಾ ಹ್ಯಾಂಗ ಹಾಡ್ಲಿ?' ಎಂದು ರೇವವ್ವ ಹಟ ಹಿಡಿದಳು. ತನ್ನಿಂದಾಗಿ ಹಾಡು ನಿಂತಿತೆಂಬ ಕೊರಗು ಹುಚ್ಚವ್ವನನ್ನು ರೋಗಕ್ಕಿಂತ ಹೆಚ್ಚು ತಿನ್ನತೊಡಗಿತು. ಸುದ್ದಿ ಕೇಳಿ ಗುರುನಾಥ, ಹುಚ್ಚವ್ವನ ಮರುಹಾಡನ್ನು ತಾನು ನುಡಿಸಿಕೊಡೋಣವೆಂದು ಯಂತ್ರವನ್ನು ಹೊತ್ತುಕೊಂಡು ಟೆಂಪೋ ಹತ್ತಿದ.

ಮೊದಲ ದಿನ ಅವನೂ ಎಡವಿದ. ನಮ್ಮ ಸೀಮೆಯಲ್ಲಿ ಮೈಕು ಕಂಡವರೆಲ್ಲ 'ಎಕೋ ಇಡೋ, ಎಕೋ!' ಎನ್ನುವವರೇ, ಎಕೋ ಇಲ್ಲದ ಹಾಡು ಅವರಿಗೆ ಉಪ್ಪಿಲ್ಲದ ಸಾರು. ಅವನು ಗುಮ್ಮಟವನ್ನು ಪೂರ್ತಿ ತಿರುಗಿಸಿ ನುಡಿಸಿದ. ಅವನ ಒತ್ತಾಯಕ್ಕೆ ಬಾಯಿ ತೆರೆದ ರೇವವ್ವ ಎರಡೇ ಸಾಲಿಗೆ ನಿಲ್ಲಿಸಿದಳು. 'ಯಪ್ಪಾ, ಇದರಾಗ ನನ್ನ ಹಾಡು ಎಲ್ಲಿ ಹೋತೋ ತಿಳೀವಲ್ದು.'

ಗುರುನಾಥ ಯಂತ್ರಕ್ಕೆ ಕಂಬಳಿ ಹೊದಿಸಿ ಹುಚ್ಚವ್ವನ ಪಕ್ಕ ಕುಳಿತ. 'ಎವ್ವಾ, ನೀವು ಎಷ್ಟು ತಡದು ಎತ್ಕೊಂತಿದ್ರಿ?' ಅವಳು ಯಾವಾಗಲೂ ಅರ್ಧ ಉಸಿರು ತಡ. ಊರವರು ಅದಕ್ಕೇ ಅವಳನ್ನು ಛೇಡಿಸುತ್ತಿದ್ದರು. ರೇವವ್ವ ಮೆಲ್ಲಗೆ ಹಾಡಿದಳು, ಹುಚ್ಚವ್ವ ತಾನು ಎತ್ತಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ಅವನ ಮುಂಗೈ ಮೇಲೆ ಬೆರಳು ತಟ್ಟಿದಳು. ಹಾಡು ಬಿರುಸಾದಂತೆ ಆ ತಡವೂ ನುಡಿನುಡಿಗೆ ಕಿರಿದಾಗುತ್ತಿತ್ತು. ಎಂಟು ಭಾನುವಾರ ಅವನು ಕಲಿತದ್ದು ಅದೊಂದನ್ನೇ.

ತಾಂಬಾ ಊರಿನ ಸಾಲೆಯಂಗಳದಲ್ಲಿ ಒಂದು ಸಂಜೆ ರೇವವ್ವ ಮತ್ತೆ ಹಾಡಿದಳು. ಗುರುನಾಥ ಅವಳೊಂದಿಗೇ ನುಡಿಸುತ್ತಿದ್ದ. ಆದರೆ ಜನರಿಗೆ ತಾನು ನುಡಿಸಿದ್ದು ಒಂದಿಷ್ಟೂ ಕೇಳದಂತೆ, ಬಾವಿಯಿಂದ ಮರಳಿದ್ದಷ್ಟೇ ಕೇಳುವಂತೆ ಹೊಂದಿಸಿಕೊಂಡಿದ್ದ. ದನಿ ಮೊಳಗುತ್ತಿರುವಾಗ ಬಾವಿಯ ನಾಬು ಮುಟ್ಟಿದರೆ ಸ್ವರ ಕುಡುಕನಂತೆ ತೂರಾಡುತ್ತದೆ. ಆದ್ದರಿಂದ ಅವನು ಕಣ್ಣನ್ನು ರೇವವ್ವನ ಹೆಗಲ ಮೇಲೆ ನೆಟ್ಟು, ಮರುದನಿ ಅಡಗಿ ಅವಳು ಮುಂದಿನ ನುಡಿಗೆ ಉಸಿರೆಳೆದಾಗಲಷ್ಟೇ ಕೂದಲೆಳೆಯಷ್ಟು ತಿರುಗಿಸಿ ತಡವನ್ನು ಕಿರಿದು ಮಾಡುತ್ತಿದ್ದ. ಒಂಬತ್ತು ನುಡಿ ಹೀಗೆ ಸಾಗಿತು. ಹಾಡು ಮುಗಿದೊಡನೆ ಊರ ಹಿರಿಯ ಬಸವಂತರಾಯರು ಹೊದಿಸಿ ಗೌರವಿಸಲು ಆಯೇರಿಯ ಟಾವೆಲು ಎರಡು ಹಿಡಿದು ಬಂದು, 'ಹಿಂದ ನುಡಿಸಾಂವ ಎಲ್ಲಿ ಅದಾನ್ರಿ?' ಎಂದು ಹಿಂದಿನ ಪರದೆ ಸರಿಸಿ ಹುಡುಕಿದರು. ಗುರುನಾಥನ ಬೆರಳಿಗಿಂತ ತಡವಾಗಿ ಬಂದ ದನಿ ಬೇರೊಬ್ಬನದೆಂದೇ ಅವರು ತಿಳಿದಿದ್ದರು.

ಪಕ್ಕದಲ್ಲೇ ಕುಳಿತಿದ್ದ ಹುಚ್ಚವ್ವ ಗುರುನಾಥನ ಕಿವಿಯ ಹತ್ತಿರ ಬಾಗಿದಳು. 'ಚಲೋ ಆತು. ಕಡೀ ನುಡಿಗಿ ಮಾತ್ರ ಲಗೂನ ಬಂದಿ ನೋಡು. ನಾ ಅಷ್ಟು ಲಗೂ ಬರತಿದ್ದಿಲ್ಲ.'

'ಹೌದ್ರಿ ಎವ್ವಾ, ಇನ್ನೊಂದೀಟು ತಡೀಬೇಕಿತ್ತು, ತಪ್ಪಾತು,' ಎಂದ ಗುರುನಾಥ, ಜನ ಜಮಖಾನೆ ಸುತ್ತುತ್ತಿರುವಾಗಲೇ ರೇವವ್ವನನ್ನು ಕೂಡಿಸಿ ಆ ಕೊನೆಯ ನುಡಿಯನ್ನು ಮತ್ತೆ ಹಾಡಿಸಿದ.

ಇಂಥವರು ಎಲ್ಲೋ ಒಬ್ಬಿಬ್ಬರು. ಸಭೆಯ ಚಪ್ಪಾಳೆ ಅವರಿಗೂ ಹಿತವೇ. ಆದರೆ ದನಿ ಕಳೆದುಕೊಂಡ ಮುದುಕಿಯೊಬ್ಬಳು 'ಅದು ನಾನಲ್ಲ' ಎಂದರೆ, ಊರೆಲ್ಲ ಮೆಚ್ಚಿದ್ದನ್ನೂ ಅಲ್ಲಿಯೇ ಬಿಚ್ಚಿ ತಿದ್ದಲು ಕೂಡುತ್ತಾರೆ. ಅವರೆದುರು ನಮ್ಮ ಕೈ ತಾನಾಗಿ ಮುಗಿಯುತ್ತದೆ.